ಶ್ರುತಿಯನ್ನು ಗದ್ದಲವೆಂದ ಯಂತ್ರ

ಒಂದೇ ಸಮನೆ ಎಳೆಯುವ ಒಂದು ಸ್ವರ. ಏರುವುದಿಲ್ಲ, ಇಳಿಯುವುದಿಲ್ಲ, ಉಸಿರಿಗೆಂದು ನಿಲ್ಲುವುದೂ ಇಲ್ಲ. ೨೦೨೨ರ ಒಂದು ಬುಧವಾರ ಬೆಳಿಗ್ಗೆ ಹೊಸನಗರದ ನನ್ನ ಕ್ಲಿನಿಕ್ಕಿನ ಬಾಗಿಲಾಚೆಯಿಂದ ಅದು ಕೇಳತೊಡಗಿತು. ಒಳಗೆ ನಾನು ಒಬ್ಬರ ಕಿವಿ ಪರೀಕ್ಷೆಯಲ್ಲಿದ್ದೆ. ಆ ಕೆಲಸಕ್ಕೆ ಬೇಕಾದದ್ದು ನಿಶ್ಶಬ್ದವೊಂದೇ. ಸಿಟ್ಟಿನಿಂದಲೇ ಎದ್ದು ಹೊರಗೆ ಬಂದೆ. ಬೆಂಚಿನ ಮೇಲೆ ಬಿಳಿ ಪಂಚೆಯ ಹಿರಿಯರೊಬ್ಬರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದರು.

"ಸ್ವಲ್ಪ ನಿಲ್ಲಿಸ್ತೀರಾ? ಇಲ್ಲಿ ಟೆಸ್ಟ್ ನಡೀತಿದೆ," ಎಂದೆ.

"ಇದೂ ಟೆಸ್ಟೇ ಮೇಡಂ," ಎಂದರು ಪಕ್ಕದಲ್ಲಿದ್ದ ಅವರ ಹೆಂಡತಿ. "ಇವ್ರಿಗೆ ಇದು ಕೇಳ್ತಾ ಕೇಳ್ತಾ ಮಾಯ ಆಗ್ತದಂತೆ. ನಂಗೆ ಮಾಯ ಆಗ್ಲಿ ಅಂದ್ರೂ ಆಗ್ತಿಲ್ಲ."

ಹೂವಪ್ಪ ಭಾಗವತರು ಮತ್ತು ಗಿರಿಜಮ್ಮ ನನಗೆ ಪರಿಚಯವಾದದ್ದು ಹೀಗೆ. ನಾನು ಆಡಿಯಾಲಜಿಸ್ಟ್, ಎಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆದು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸಿ ಕೊಡುವವಳು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೂ ಸುಮ್ಮನೆ ಕೂರಲಾಗದೆ ಸೋಮವಾರ ಸಾಗರ, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ ಎಂದು ಬ್ಯಾಗು ಹೊತ್ತು ತಿರುಗುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಕ್ವಾಯರ್‌ನಲ್ಲಿ ಎಂಟು ವರ್ಷ ಹಾಡಿದ್ದೆ. ಹಾಡು ಶುರುವಾಗುವ ಮುಂಚೆ ಸಿಸ್ಟರ್ ಒಬ್ಬರು ಪುಟ್ಟ ಪಿಚ್ ಪೈಪ್ ಊದಿ ಸ್ವರ ಕೊಡುತ್ತಿದ್ದರು. ಅದು ತಪ್ಪಿದರೆ ನಲವತ್ತು ಹುಡುಗಿಯರೂ ಒಟ್ಟಿಗೆ ಹಳ್ಳಕ್ಕೆ. ಹಾಗಾಗಿ ಶ್ರುತಿ ಹೋಗುವುದೆಂದರೇನೆಂದು ಭಾಗವತರು ನನಗೆ ವಿವರಿಸಬೇಕಾಗಿರಲಿಲ್ಲ.

ಅವರು ನಿಟ್ಟೂರಿನ ಕಡೆಯವರು. ಬೇಸಾಯ ಮಾಡುತ್ತ, ಮೂವತ್ತು ವರ್ಷಗಳಿಂದ ತಾಳಮದ್ದಲೆಗೆ ಭಾಗವತಿಕೆ ಮಾಡುತ್ತ ಬಂದವರು. ಅದು ಯಕ್ಷಗಾನದ ಕೂತು ನಡೆಸುವ ರೂಪ: ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಎದುರು ಬದುರು ಕೂತ ಅರ್ಥಧಾರಿಗಳು ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ಎಲ್ಲಕ್ಕೂ ಆಧಾರ ಆ ಒಂದು ಹಿಡಿದ ಸ್ವರ. ಕೋವಿಡ್‌ನಿಂದ ಎರಡು ವರ್ಷ ಕೂಟಗಳೆಲ್ಲ ನಿಂತಿದ್ದವು. ಅಷ್ಟರಲ್ಲಿ ಅವರ ಎರಡೂ ಕಿವಿ ಐವತ್ತೈದು ಡೆಸಿಬೆಲ್ ಮಟ್ಟಕ್ಕೆ ಕುಸಿದಿದ್ದವು. ಎಂದರೆ ಕೋಣೆಯ ಆ ಬದಿಯಿಂದ ಆಡಿದ ಸಾಧಾರಣ ಮಾತು ತಲುಪದಷ್ಟು. ಅಭಿಮಾನಿಗಳು ಸೇರಿ ತೀರ್ಥಹಳ್ಳಿಯ ಒಂದು ಕಂಪನಿಯ ಸೆಂಟರ್‌ನಲ್ಲಿ ಹೊಸ ಡಿಜಿಟಲ್ ಹಿಯರಿಂಗ್ ಏಡ್ ಕೊಡಿಸಿದ್ದರು. ಮಾತು ಸ್ಪಷ್ಟವಾಯಿತು. ಶ್ರುತಿ ಹೋಯಿತು.

"ಡಿಸೆಂಬರಲ್ಲಿ ಸಾಗರದಲ್ಲಿ ಕೂಟ ಇದೆ ಮೇಡಂ," ಎಂದರು ಭಾಗವತರು. "ಈ ಸಲ ನೋಡುವಾ, ಆಗ್ದಿದ್ರೆ ಬೇರೆಯವ್ರನ್ನ ಕೂರ್ಸುವಾ ಅಂತ ಸಂಘದವ್ರು ಹೇಳಿದಾರೆ. ಅವ್ರದ್ದು ತಪ್ಪಲ್ಲ. ನಂಗೆ ಆ ಜಾಗ ಬಿಟ್ರೆ ಬೇರೆ ಕೂರುಕೆ ಬರುದಿಲ್ಲ, ಅಷ್ಟೇ."

ಪದ ಹಾಡುವ ಆ ಜಾಗ ಉಳಿಯುತ್ತದೋ ಇಲ್ಲವೋ ಎಂಬುದು ಡಿಸೆಂಬರಿನ ಆ ಒಂದು ಮಧ್ಯಾಹ್ನದ ಮೇಲೆ ನಿಂತಿತ್ತು.

ಏಡ್ ಅನ್ನು ನನ್ನ ಅಳತೆ ಪೆಟ್ಟಿಗೆಯಲ್ಲಿಟ್ಟು ಅದಕ್ಕೆ ಶ್ರುತಿ ಕೇಳಿಸಿದೆ. ಪರದೆಯ ಮೇಲೆ ಸದ್ದಿನ ಗೆರೆ ಮೊದಲು ನೇರ ನಿಂತಿತು, ಕೆಲವೇ ಸೆಕೆಂಡಿನಲ್ಲಿ ಮೆಟ್ಟಿಲಿಳಿದ ಹಾಗೆ ಕೆಳಗಿಳಿಯಿತು. ಕಾರಣ ಸರಳ. ಇಂದಿನ ಏಡ್ ಎಂದರೆ ಕಿವಿಯ ಹಿಂದೆ ಕೂತ ಒಂದು ಕಂಪ್ಯೂಟರ್. ಮಾತು ಯಾವುದು, ಗದ್ದಲ ಯಾವುದು ಎಂದು ಅದೇ ತೀರ್ಮಾನಿಸುತ್ತದೆ. ಮಾತು ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ; ಫ್ಯಾನು, ಪಂಪ್‌ಸೆಟ್ಟು ಒಂದೇ ಸಮ ಕೊರೆಯುತ್ತವೆ. ಆದ್ದರಿಂದ ಒಂದೇ ಸಮ ಬರುವುದನ್ನೆಲ್ಲ ಅದು ತಗ್ಗಿಸಿಬಿಡುತ್ತದೆ. ಇದಕ್ಕೆ ನಾಯ್ಸ್ ರಿಡಕ್ಷನ್ ಎನ್ನುತ್ತೇವೆ. ಒಂದೇ ಸಮ ಇರುವುದೇ ಶ್ರುತಿಯ ಗುಣ. ಯಂತ್ರ ಅದನ್ನು ಫ್ಯಾನೆಂದು ತಿಳಿಯಿತು.

ನಿಲ್ಲಿಸುವುದೂ ಕಷ್ಟವಲ್ಲ. ಸಾಫ್ಟ್‌ವೇರ್‌ನಲ್ಲಿ 'ಮ್ಯೂಸಿಕ್' ಎಂಬ ಆಯ್ಕೆ ಇದೆ, ಅದನ್ನು ಒತ್ತಿದರೆ ಯಂತ್ರ ಈ ಬುದ್ಧಿವಂತಿಕೆ ಬಿಟ್ಟು ಬಂದದ್ದನ್ನು ಬಂದ ಹಾಗೆ ದಾಟಿಸುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದೆ. ಆಯ್ಕೆ ಇತ್ತು. ಆದರೆ ಬೂದು ಬಣ್ಣದಲ್ಲಿ. ಎಷ್ಟು ಒತ್ತಿದರೂ ಒಪ್ಪಲಿಲ್ಲ.

ಶುಕ್ರವಾರ ತೀರ್ಥಹಳ್ಳಿಗೆ ಹೋದವಳು ಆ ಸೆಂಟರ್‌ಗೂ ಹೋದೆ. ಮ್ಯಾನೇಜರ್ ನನ್ನ ಮಗನ ವಯಸ್ಸಿನವರು, ತುಂಬ ಮರ್ಯಾದೆಯವರು, ಕಾಫಿ ತರಿಸಿದರು.

"ಮೇಡಂ, ಅದು ಕಂಪ್ಲೇಂಟ್ ಅಲ್ಲ, ಫೀಚರ್."

"ಆ ಫೀಚರ್ ಇವರಿಗೆ ಬೇಡ. ಆಫ್ ಮಾಡಿಕೊಡಿ."

"ಈ ಮಾಡೆಲ್‌ಗೆ ಆ ಆಪ್ಷನ್ ಬರಲ್ಲ. ಪ್ರೀಮಿಯಂ ತಗೊಂಡ್ರೆ ಮ್ಯೂಸಿಕ್ ಓಪನ್ ಆಗ್ತದೆ."

"ಅದರಲ್ಲಿ ಚಿಪ್ ಬೇರೆಯಾ?"

"ಚಿಪ್ ಅದೇ ಮೇಡಂ," ಎಂದರು, ಸಕ್ಕರೆ ಸಾಕಾ ಎಂದು ಕೇಳಿದಷ್ಟೇ ಸಲೀಸಾಗಿ.

ಬೇರೆ ಏಡ್ ಕೊಳ್ಳಬಹುದಿತ್ತಲ್ಲ ಎಂದು ಕೆಲವರು ಈಗಲೂ ಕೇಳುತ್ತಾರೆ. ಒಮ್ಮೆ ಊರೇ ಸೇರಿ ಕೊಡಿಸಿದ ಮೇಲೆ ಎರಡನೇ ಸಲ ಅದೇ ಊರಿನ ಮುಂದೆ ನಿಲ್ಲುವ ಮನುಷ್ಯ ಭಾಗವತರಲ್ಲ.

ನಾನು ಗ್ಯಾಜೆಟ್ ಹುಚ್ಚಿನವಳು, ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ನಮ್ಮ ಬೀದಿಯಲ್ಲಿ ಮೊದಲು ಸ್ಮಾರ್ಟ್ ಟಿವಿ ತಂದವಳು ನಾನು. ಈ ವಯಸ್ಸಿನಲ್ಲೂ ವಿಡಿಯೋ ಗೇಮ್‌ನಲ್ಲಿ ಕಾರು ಓಡಿಸುತ್ತೇನೆ. ಹಾಗೆ ಇಷ್ಟಪಟ್ಟು ಕೊಂಡ ಒಂದು ಗೇಮ್, ಕಂಪನಿ ತನ್ನ ಸರ್ವರ್ ಮುಚ್ಚಿದ ದಿನ ಸತ್ತುಹೋಯಿತು. ಡಿಸ್ಕ್ ಕೈಯಲ್ಲಿದೆ, ಆಟ ಇಲ್ಲ. ನೀವು ಕೊಂಡದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು ಎಂದು ಉತ್ತರ ಬಂತು. ಅಂದು ನಕ್ಕು ಸುಮ್ಮನಾಗಿದ್ದೆ, ಹೋದದ್ದು ಆಟ ತಾನೆ ಎಂದು. ಅದೇ ಕಾನೂನು ಮನುಷ್ಯನ ಕಿವಿಯ ತನಕ ಬಂದಿದೆ ಎಂದು ತಿಳಿದದ್ದು ತೀರ್ಥಹಳ್ಳಿಯ ಆ ಕಾಫಿಯ ಎದುರಿನಲ್ಲಿ.

ಮುಂದಿನ ಬುಧವಾರಕ್ಕೆ ನನಗೊಂದು ದಾರಿ ಹೊಳೆದಿತ್ತು. ಆಸ್ಪತ್ರೆಯ ದಿನಗಳಲ್ಲಿ ಅದೇ ಕಂಪನಿ ಕೊಟ್ಟ ಹಳೆಯ ಸಾಫ್ಟ್‌ವೇರ್ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಇತ್ತು. ಅದು ಹುಟ್ಟಿದಾಗ ಸಾದಾ, ಪ್ರೀಮಿಯಂ ಎಂಬ ಜಾತಿಭೇದ ಇರಲಿಲ್ಲ. ಏಡ್ ಜೋಡಿಸಿದೆ. 'ಮ್ಯೂಸಿಕ್' ಕಪ್ಪಕ್ಷರದಲ್ಲಿ ಬಂತು, ಒತ್ತಿದೆ, ಒಪ್ಪಿತು. ಕಂಪನಿಗೆ ಇದು ಹಿಡಿಸುವುದಿಲ್ಲ, ವಾರಂಟಿ ಹೋಗಬಹುದು ಎಂದು ದಂಪತಿಗಳಿಗೆ ಮೊದಲೇ ಹೇಳಿದ್ದೆ.

"ವಾರಂಟಿ ಕಟ್ಕಂಡು ಪದ ಹೇಳುಕೆ ಆಗ್ತದಾ?" ಎಂದರು ಗಿರಿಜಮ್ಮ. "ಮಾಡಿ ನೀವು."

ಭಾಗವತರು ಪೆಟ್ಟಿಗೆಯ ಗುಂಡಿ ಒತ್ತಿ ಕಾದರು. ಅದು ಮಾಯವಾಗಲಿಲ್ಲ. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಒಂದು ಆಲಾಪ ಎತ್ತಿ, ಷಡ್ಜದ ಮೇಲೆ ತಂದು ನಿಲ್ಲಿಸಿದರು. ಹೊರಗೆ ಕಾದಿದ್ದವರು ಬಾಗಿಲಿಗೆ ಬಂದು ನಿಂತರು. ಮಧ್ಯಾಹ್ನದ ತನಕ ಆ ದಿನ ಬೇರೆ ಯಾರ ಕಿವಿಯನ್ನೂ ನೋಡಲಾಗಲಿಲ್ಲ.

ಎರಡು ತಿಂಗಳು ಅವರು ನಿಟ್ಟೂರಿನ ಮನೆಯಲ್ಲಿ ಅಭ್ಯಾಸ ಮಾಡಿದರು. ಕ್ಲಿನಿಕ್ಕಿಗೆ ಬಂದಾಗಲೆಲ್ಲ ನಾನು ಅಳೆದು ನೋಡುತ್ತಿದ್ದೆ; ಗೆರೆ ನೇರವಾಗಿಯೇ ಇತ್ತು. ಏಡ್ ಜೊತೆಗೆ ಸೆಂಟರ್‌ನವರು ಅವರ ಫೋನಿಗೊಂದು ಆ್ಯಪ್ ಹಾಕಿಕೊಟ್ಟಿದ್ದರು, ಸದ್ದು ಹೆಚ್ಚುಕಮ್ಮಿ ಮಾಡಿಕೊಳ್ಳಲು. ಅದರ ಬಗ್ಗೆ ನಾವು ಯಾರೂ ಯೋಚಿಸಲಿಲ್ಲ. ಅವರ ಮನೆಯ ಸುತ್ತ ರೇಂಜೇ ಇಲ್ಲ. ಅಲ್ಲಿ ಫೋನೆಂದರೆ ಟಾರ್ಚು. ಪೇಟೆಗೆ ಬರುವಾಗಲೂ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ ಚೀಲದಲ್ಲೇ ಬಿಟ್ಟು ಬರುವುದು ರೂಢಿ.

ಸಾಗರದ ಕೂಟದ ದಿನ ಗಿರಿಜಮ್ಮ ಮನೆಯಲ್ಲಿ ನಿಂತರು; ಎಮ್ಮೆ ಕರು ಹಾಕುವ ದಿನ ಹತ್ತಿರವಾಗಿತ್ತು. ಗಂಡ ಒಬ್ಬರೇ ಹೊರಟದ್ದರಿಂದ, ತಲುಪಿದ ಮೇಲೆ ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಒಂದು ಕಾಲ್ ಮಾಡಲಿ ಎಂದು ಫೋನನ್ನು ಚಾರ್ಜ್ ಮಾಡಿ ಅವರ ಜುಬ್ಬಾದ ಕಿಸೆಗೆ ತಾವೇ ಹಾಕಿದರು. ಯಾವ ಹೆಂಡತಿಯಾದರೂ ಅದನ್ನೇ ಮಾಡುತ್ತಿದ್ದಳು.

ನಾನು ಮೂರನೇ ಸಾಲಿನಲ್ಲಿದ್ದೆ. ಸಭಾಭವನ ತುಂಬಿತ್ತು. ಮೊದಲ ಎರಡು ಪದ ಅವರು ಹೇಳಿದ ರೀತಿಗೆ, ಬೇರೆಯವರನ್ನು ಕೂರಿಸುವ ಮಾತಾಡಿದ್ದ ಸಂಘದವರೇ ಮುಖ ಮುಖ ನೋಡಿಕೊಂಡು ನಕ್ಕರು. ಅರ್ಥಧಾರಿಯೊಬ್ಬರು ಮಾತಿನ ನಡುವೆ, "ಭಾಗವತರೇ, ಎರಡು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?" ಎಂದು ಚಟಾಕಿ ಹಾರಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಮೂರನೇ ಪದಕ್ಕೆ ತಾಳ ಎತ್ತಿಕೊಂಡಾಗ ಅವರು ಒಮ್ಮೆ ಬೆಚ್ಚಿ ಕಿವಿ ಮುಟ್ಟಿಕೊಂಡರು. ಕಿವಿಯೊಳಗೆ ಟಿಣಿಟಿಣಿ ಎಂದಿತಂತೆ. ಸೆಟ್ಟಿಂಗ್ ಬದಲಾದಾಗ ಏಡ್ ಹಾಗೆ ಸೂಚನೆ ಕೊಡುತ್ತದೆ. ಕಿಸೆಯಲ್ಲಿದ್ದ ಫೋನಿಗೆ ಸಾಗರದ ನೆಟ್‌ವರ್ಕ್ ಸಿಕ್ಕಿತ್ತು. ತನ್ನ ಹೊತ್ತಿಗೆ ಎಚ್ಚೆತ್ತ ಆ್ಯಪ್ ಕಂಪನಿಯ ಸರ್ವರ್ ಜೊತೆ ಮಾತಾಡಿತ್ತು. ನಾನು ಮಾಡಿದ್ದನ್ನು ಅಳಿಸಿ ಕಂಪನಿ ಒಪ್ಪಿದ್ದನ್ನು ಮತ್ತೆ ಕೂರಿಸಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಫೋನ್ ತೆರೆದು ನೋಡಿದಾಗ. 'ನಿಮ್ಮ ಸೆಟ್ಟಿಂಗ್ಸ್ ಸುರಕ್ಷಿತವಾಗಿ ಮರಳಿವೆ' ಎಂದು ಹಸಿರು ಗುರುತಿನ ಜೊತೆ ಬರೆದಿತ್ತು.

ಆ ಹೊತ್ತಿಗೆ ಕಂಡದ್ದು ಇಷ್ಟೇ: ಪದ ಎತ್ತಿದರು, ಎರಡನೇ ಸಾಲಿಗೆ ಸ್ವರ ಕೂದಲೆಳೆ ಕೆಳಗೆ ಬಂತು, ಮೂರನೆಯದಕ್ಕೆ ಇನ್ನಷ್ಟು. ಮದ್ದಲೆಯವರು ತಲೆಯೆತ್ತಿ ನೋಡಿದರು. ಯಾರೋ ಶ್ರುತಿಪೆಟ್ಟಿಗೆಯ ಸದ್ದು ಜೋರು ಮಾಡಿದರು. ಜೋರಾದಷ್ಟೂ ಯಂತ್ರ ಅದನ್ನು ಗಟ್ಟಿಯಾಗಿ ಅದುಮುತ್ತದೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ, "ಶ್ರುತಿ ಬಿಟ್ಟೇ ಹೋಯ್ತಲಾ ಮಾರಾಯಾ," ಎಂದರು. "ವಯಸ್ಸಾಯ್ತು. ಅವ್ರಿಗೆ ಹೇಳೂರು ಯಾರು?" ಎಂದರು ಇನ್ನೊಬ್ಬರು. ಅದು ಪಿಸುಮಾತು. ವೇದಿಕೆಗೆ ಕೇಳಬಾರದ್ದು. ಆದರೆ ಭಾಗವತರು ತಿರುಗಿ ನೇರ ಆ ಇಬ್ಬರನ್ನೇ ನೋಡಿದರು. ಮಾತನ್ನು ಹೆಕ್ಕಿ ಕೊಡುವುದು ತಾನೆ ಆ ಯಂತ್ರದ ಹೆಗ್ಗಳಿಕೆ? ಶ್ರುತಿ ಕೊಡದ ಕಿವಿ ಇದನ್ನು ಅಚ್ಚುಕಟ್ಟಾಗಿ ಮುಟ್ಟಿಸಿತ್ತು.

ಅವರು ಪದವನ್ನು ಪೂರ್ತಿ ಮಾಡಲಿಲ್ಲ. ತಾಳವನ್ನು ಕೆಳಗಿಟ್ಟು, ಹಿಂದೆ ಕೂತಿದ್ದ ಇನ್ನೊಬ್ಬ ಭಾಗವತರಿಗೆ ಜಾಗ ಬಿಟ್ಟು, ಸಭೆಗೆ ಕೈಮುಗಿದು ಇಳಿದರು.

ಆ ರಾತ್ರಿ ಭಾಗವತರು ತಂಗಿದ್ದ ಪರಿಚಯದವರ ಮನೆಯಲ್ಲಿ ಏಡ್ ಚಾರ್ಜಿಗಿಟ್ಟಿದ್ದಾಗ ಅದರ ಒಳಗಿನ ಸಾಫ್ಟ್‌ವೇರ್ ಕೂಡ ತಾನಾಗಿ ಅಪ್‌ಡೇಟ್ ಆಯಿತು. ಅಲ್ಲಿಂದ ಮುಂದೆ ನನ್ನ ಹಳೆಯ ಸಾಫ್ಟ್‌ವೇರನ್ನು ಅದು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಕಂಪನಿಯ ಮುಖ್ಯ ಕಚೇರಿಗೆ ಬರೆದೆ. ಉತ್ತರಿಸಿದ್ದು ಒಂದು ಚಾಟ್‌ಬಾಟ್. 'ನಿಮ್ಮ ಸಮಸ್ಯೆ ಬಗೆಹರಿದಿದೆ' ಎಂದು ದೂರಿನ ಟಿಕೆಟ್ ಮುಚ್ಚಿತು. ತೀರ್ಥಹಳ್ಳಿಯ ಮ್ಯಾನೇಜರ್ ಈ ಸಲ ಕಾಫಿ ತರಿಸಲಿಲ್ಲ.

"ನೀವು ಟ್ಯಾಂಪರ್ ಮಾಡಬಾರದಿತ್ತು ಮೇಡಂ. ಮಷಿನ್ ಅವರದ್ದೇ, ಇಲ್ಲ ಅನ್ನಲ್ಲ. ಒಳಗಿನ ಸಾಫ್ಟ್‌ವೇರ್ ಕಂಪನಿದು."

"ಮಷಿನ್ ಅವರದಾದರೆ ಅವರಿಗೆ ಬೇಕಾದ ಹಾಗೆ ಯಾಕೆ ಕೇಳಬಾರದು?"

"ಅವರ ಸೇಫ್ಟಿಗೇ ಮೇಡಂ."

ಯಾರ ಸೇಫ್ಟಿಗೆ ಎಂದುಕೊಳ್ಳುತ್ತ ಬ್ಯಾಗು ಎತ್ತಿಕೊಂಡು ಹೊರಬಂದೆ. ತಪ್ಪು ನಿಮ್ಮದಲ್ಲವೆಂದು ಗಿರಿಜಮ್ಮನಿಗೆ ಬಹಳ ಸಲ ಹೇಳಬೇಕಾಯಿತು. "ನಾನೇ ಕಿಸೆಗೆ ಹಾಕಿದ್ದಲ್ದಾ" ಎನ್ನುವುದನ್ನು ಅವರು ಬಿಡಲಿಲ್ಲ. ಮೋಸ ಮಾಡಿದವರು ನಿಶ್ಚಿಂತೆಯಿಂದ ನಿದ್ದೆ ಮಾಡುವುದು, ಪ್ರೀತಿಯಿಂದ ಫೋನ್ ಕೊಟ್ಟವಳು ತಪ್ಪಿತಸ್ಥಳಾಗುವುದು, ಇದು ಈ ಕಾಲದ ನ್ಯಾಯ.

ಮೂವತ್ತೈದು ವರ್ಷದ ವೃತ್ತಿಯಲ್ಲಿ ನಾನು ಏಡ್ ಹೇಗೆ ಆರಿಸಬೇಕೆಂದು ಜನರಿಗೆ ಹೇಳುತ್ತ ಬಂದವಳು: ಬ್ಯಾಟರಿ ನೋಡಿ, ಅಳತೆ ನೋಡಿ, ಸರ್ವಿಸ್ ಹತ್ತಿರ ಇದೆಯೇ ನೋಡಿ. ಆಮೇಲೆ ಇನ್ನೊಂದನ್ನೂ ಸೇರಿಸಿದೆ. ಮಾರಿದ ಮೇಲೆ ಇದರೊಳಗೆ ಕೈ ಹಾಕುವ ಹಕ್ಕು ಯಾರಿಗಿದೆ ಎಂದು ಕೇಳಿ. ಉತ್ತರ 'ನಮಗೆ ಮಾತ್ರ' ಎಂದಾದರೆ, ನೀವು ಕೊಳ್ಳುತ್ತಿಲ್ಲ, ನಿಮ್ಮ ದೇಹದಲ್ಲಿ ಅವರಿಗೊಂದು ಕೋಣೆ ಬಿಟ್ಟುಕೊಡುತ್ತಿದ್ದೀರಿ. ಜನ ತಲೆಯಾಡಿಸುತ್ತಾರೆ. ಆಮೇಲೆ ಡಿಸ್ಕೌಂಟ್ ಇದ್ದ ಕಡೆ ಹೋಗುತ್ತಾರೆ.

ನಾನು ಕ್ಲಿನಿಕ್ ಮುಚ್ಚಿದ ವರ್ಷ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಭಾಗವತರನ್ನು ಕಂಡೆ. ದಂಪತಿಗಳಿಬ್ಬರೂ ನಿಟ್ಟೂರಿನ ಬಸ್ಸಿನಲ್ಲಿ ಕೂತಾಗಿತ್ತು. ಕಿಟಕಿಯ ಬಳಿ ಹೋದೆ. ಕಿವಿಯಲ್ಲಿ ಅದೇ ಏಡ್.

"ಮಾತೆಲ್ಲ ಚಲೋ ಕೇಳ್ತದೆ ಮೇಡಂ," ಎಂದರು.

"ಮೊದ್ಲು ನಾನು ಬೈದ್ರೆ ಸುಮ್ನಿರ್ತಿದ್ರು," ಎಂದರು ಗಿರಿಜಮ್ಮ. "ಈಗ ತಿರುಗಿ ಬೈತಾರೆ. ಅಷ್ಟೇ ಲಾಭ."

ತಾಳಮದ್ದಲೆಗೆ ಹೋಗುತ್ತೀರಾ ಎಂದು ಕೇಳಿದೆ.

"ಹೋಗ್ತೆ. ಹಿಂದಿನ ಸಾಲಲ್ಲಿ ಕೂತ್ಕಂಡು, ಪದ ಶುರು ಆದ್ಕೂಡ್ಲೆ ಇದನ್ನ ತೆಗ್ದು ಕಿಸೆಗೆ ಹಾಕ್ತೆ. ಮದ್ದಲೆ ಪೆಟ್ಟು ಎದೆಗೆ ಬಡೀತದಲಾ, ಸಾಕು."

ಡ್ರೈವರ್ ಎಂಜಿನ್ ಚಾಲೂ ಮಾಡಿದ. ನಾನು ಹಿಂದೆ ಸರಿದು, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ, "ವಾಟ್ ಎ ವೇಸ್ಟ್" ಎಂದುಕೊಂಡೆ. ಎಂಜಿನ್ನಿನ ಆ ಸದ್ದಿನಲ್ಲೂ ಭಾಗವತರು ಕಿಟಕಿಯಿಂದ ತಲೆ ಹೊರಹಾಕಿದರು.

"ವೇಸ್ಟ್ ಅಂದದ್ದು ಯಾರಿಗೆ ಮೇಡಂ, ನಂಗಾ, ಮಷಿನ್ನಿಗಾ?"

ನಗುತ್ತಲೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತ್ತು. ಅವರನ್ನು ಮತ್ತೆ ನೋಡಲಿಲ್ಲ.