ಪೂಜೆಗೆ ಕೂತ ಸುತ್ತಿಗೆ

ನಮ್ಮ ಯಜಮಾನರು ಪಿಳ್ಳಣ್ಣನವರಿಗೆ ಬಾರದ ಕೆಲಸವೇ ಇಲ್ಲ. ಹಾಗಂತ ವಸಂತಪುರದಲ್ಲೆಲ್ಲ ಹೇಳಿಕೊಂಡು ತಿರುಗುವವರೂ ಅವರೊಬ್ಬರೇ. ಹೊಲ ಹೋಗಿ ಸೈಟಾಯಿತು, ಸೈಟಿನಲ್ಲಿ ಬಾಡಿಗೆ ಕಟ್ಟಡ ಎದ್ದಿತು. ಅಂದಿನಿಂದ ಅವರಿಗೆ ಹೊತ್ತು ಹೋಗುವುದಿಲ್ಲ. ನಲ್ಲಿ ಸೋರಿದರೆ ಪ್ಲಂಬರ್ ಕರೆಸುವುದುಂಟೇ? ಇವರೇ ಕೂತು ರಿಪೇರಿ ಮಾಡುತ್ತಾರೆ. ಆಮೇಲೆ ನಾವು ಬಕೆಟ್ ಇಡುತ್ತೇವೆ.

ಈ ಸಲ ಅವರ ಕೈಗೆ ಸಿಕ್ಕಿದ್ದು ಮಗಳು ಅರ್ಪಿತಾಳ ಸೈಕಲ್ಲು. ವಿಜಯದಶಮಿ ಬೆಳಗ್ಗೆ ಅವಳಿಗೆ ರೇಸು. ವರ್ಷವಿಡೀ ಕನಕಪುರ ರಸ್ತೆಯಲ್ಲಿ ಬೆವರು ಸುರಿಸಿದ್ದು ಅದಕ್ಕೇ. ಹ್ಯಾಂಡಲ್ ತಿರುಗಿಸಿದರೆ ಕಟಕಟ ಅನ್ನುತ್ತಿತ್ತು. ಅದರ ಕೆಳಗಿನ ಕೊಳವೆಯ ಎರಡು ತುದಿಗೂ ಬೇರಿಂಗ್ ಬಾಲ್‌ಗಳನ್ನು ಹಿಡಿದಿಡುವ ಒಂದೊಂದು ಕಪ್ ಇರುತ್ತದೆ, ಅವು ಸವೆದಿದ್ದವು. ನಮ್ಮ ಕಟ್ಟಡದಲ್ಲೇ ಶಿವರಾಜನ ಸೈಕಲ್ ಅಂಗಡಿ ಇದೆ. ಅವನಿಗೆ ಕೊಡಿ ಎಂದೆ.

"ನನ್ನ ಬಾಡಿಗೆದಾರನ ಮುಂದೆ ನಾನ್ ಹೋಗಿ ನಿಂತ್ಕೋಬೇಕಾ? ಸುಮ್ನಿರು ವಾರಿಜಾ, ನಾನೇ ಹಾಕ್ತೀನಿ," ಎಂದು ಬನಶಂಕರಿಯಿಂದ ಹೊಸ ಕಪ್ ತಂದರು.

ಆಯುಧಪೂಜೆಯ ಹಿಂದಿನ ಸಂಜೆ ಹ್ಯಾಂಡಲ್ ಬಿಚ್ಚಿ, ಕೊಳವೆಗೆ ಸಲಾಕೆ ತೂರಿಸಿ, ಸುತ್ತಿಗೆಯಿಂದ ಬಡಿದು ಹಳೆಯ ಕಪ್‌ಗಳನ್ನು ಕೆಡವಿದರು. ಕೆಡವುವ ಕೆಲಸ ಅವರಿಗೆ ಚೆನ್ನಾಗಿಯೇ ಬರುತ್ತದೆ. ಕೆಳಗಿನ ಹೊಸ ಕಪ್ ಹೇಗೋ ಕೂತಿತು. ಮೇಲಿನದಕ್ಕೆ ಒಂದೇ ಅಂಚಿನಲ್ಲಿ ದಬದಬ ಬಡಿದರು. ಅದು ಸೊಟ್ಟಗೆ ಅರ್ಧ ಇಳಿದು ಕಚ್ಚಿಕೊಂಡಿತು. ನಾಳೆ ನೋಡೋಣ ಎಂದು ಎದ್ದು ಹೋದರು.

ಮರುದಿನ ಸುತ್ತಿಗೆ, ಸಲಾಕೆ, ಸ್ಪ್ಯಾನರ್‌ಗಳನ್ನು ಅವರೇ ಒರೆಸಿ ಪೂಜೆಯ ಮಣೆ ಮೇಲೆ ಜೋಡಿಸಿದರು. ಪಕ್ಕದಲ್ಲಿ ನಾನು ಈಳಿಗೆಮಣೆ ಇಟ್ಟೆ. ಎಲ್ಲಕ್ಕೂ ಕುಂಕುಮ, ಚೆಂಡುಹೂವು ಆಯಿತು. ಶಿವರಾಜ ಬೂದುಗುಂಬಳ ಒಡೆದು, ಅಂಗಡಿ ಮುಚ್ಚಿ ಊರಿಗೆ ಹೋದ.

ಊಟವಾದ ಮೇಲೆ ಅರ್ಪಿತಾ, "ಅಪ್ಪ, ಸೈಕಲ್ಲು?" ಎಂದಳು.

"ಪೂಜೆಗೆ ಇಟ್ಟ ಆಯುಧ ಮುಟ್ಟಬಾರ್ದು ಕಣಮ್ಮ, ಅಪಚಾರ. ರೇಸು ಬರೋ ವರ್ಷಾನೂ ಇರುತ್ತೆ."

ವರ್ಷವಿಡೀ ದೇವರ ಕೋಣೆಗೆ ತಲೆ ಹಾಕದ ಮಹಾನುಭಾವರು, ಒಂದು ಸೊಟ್ಟ ಕಪ್ಪಿಗಾಗಿ ದೇವರ ಹಿಂದೆ ಅವಿತುಕೊಂಡರು. ಮಗಳ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ರೀ, ಬೆಳಗ್ಗೆ ಈಳಿಗೆಮಣೆಗೂ ಕುಂಕುಮ ಇಟ್ಟಿದ್ದೆ. ಆಮೇಲೆ ಅದ್ರಲ್ಲೇ ಹುರುಳಿಕಾಯಿ ಹೆಚ್ಚಿದ್ದು. ಹುಳಿ ಎರಡು ಸಲ ಹಾಕಿಸ್ಕೊಂಡ್ರಿ. ಆಗ ಬರ್ಲಿಲ್ವಾ ಅಪಚಾರ?"

ಅವರು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ನಾನು ಕುಂಕುಮದ ಸಮೇತ ಸುತ್ತಿಗೆ, ಸಲಾಕೆ, ಸ್ಪ್ಯಾನರ್ ಎತ್ತಿ ಮಗಳ ಕೈಗಿಟ್ಟೆ. ಅವಳು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಸೊಟ್ಟ ಕಪ್ಪನ್ನು ಒಳಗಿನಿಂದ ತಟ್ಟಿ ತೆಗೆದಳು. ಗ್ರೀಸ್ ಸವರಿ, ಮೇಲೊಂದು ಹಲಗೆ ತುಂಡು ಇಟ್ಟು ನಡುವಿಗೆ ಹದವಾಗಿ ಬಡಿದಳು. ನೆಟ್ಟಗೆ ಕೂತಿತು. ಬಾಲ್ ತುಂಬಿ ಮತ್ತೆ ಜೋಡಿಸಿದ ಹ್ಯಾಂಡಲ್ ಸದ್ದಿಲ್ಲದೆ ತಿರುಗಿತು.

ಬೆಳಗ್ಗೆ ಅವಳು ರೇಸಿಗೆ ಹೊರಟಾಗ ಯಜಮಾನರು ಗೇಟಿನಲ್ಲಿ ನಿಂತು ಎದುರುಮನೆ ಉಗ್ರಪ್ಪನಿಗೆ ಹೇಳುತ್ತಿದ್ದರು. "ಕಪ್ ನಾನೇ ಹಾಕ್ದೆ ಕಣಯ್ಯ. ಮಗಳಿಗೋಸ್ಕರ ಹಬ್ಬ ಗಿಬ್ಬ ಅಂತ ನೋಡ್ಲಿಲ್ಲ."

ನಾನು ಒಳಗೆ ಹೋಗಿ ಈಳಿಗೆಮಣೆ ತೊಳೆದು, ಕುಂಕುಮವಿಟ್ಟು ಮತ್ತೆ ಪೂಜೆಗೆ ಕೂರಿಸಿದೆ. ಮಧ್ಯಾಹ್ನ ಅವರು ಊಟಕ್ಕೆ ಬಂದು ಕೂತು, ಹುಳಿ ಎಲ್ಲಿ ಎಂದರು. ಈಳಿಗೆಮಣೆ ಪೂಜೆಗೆ ಕೂತಿದೆ, ಮುಟ್ಟಬಾರದು, ಅಪಚಾರ ಎಂದೆ.