ವಾರ ತಪ್ಪಿ ಹೇಳಿದ ರೋಗಿ

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಮೊದಲ ಬುಧವಾರ. ದಿನಚರಿಯನ್ನೂ ಗೋಡೆಯ ಕ್ಯಾಲೆಂಡರನ್ನೂ ತಾಳೆ ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವನನ್ನು ಈ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟಿಲ್ಲ.

ಮೂಡುಬಿದಿರೆಯಲ್ಲಿ ನಮ್ಮ ನೆರೆಮನೆಯವರಾದ ಜಯಂತಿ ನರ್ಸಿಂಗ್ ಕಾಲೇಜೊಂದರ ಅಧ್ಯಾಪಕಿ. ವಿದೇಶದಲ್ಲಿ ದುಡಿಯಲು ಬರೆಯಬೇಕಾದ ಪರವಾನಗಿ ಪರೀಕ್ಷೆಯ ರೀತಿ ಈಚೆಗೆ ಬದಲಾಗಿದೆಯಂತೆ. ಪಾಠ ಒಪ್ಪಿಸಿದರೆ ಸಾಲದು. ರೋಗಿಯ ಲಕ್ಷಣಗಳನ್ನು ಗಮನಿಸಿ ಮುಂದೇನೆಂದು ನಿರ್ಧರಿಸಬೇಕು. ಅದರ ತಾಲೀಮಿಗೆ ರೋಗಿಯ ಪಾತ್ರ ವಹಿಸಲು ಅವರು ನನ್ನನ್ನು ಕೇಳಿಕೊಂಡಿದ್ದರು.

ಅಂದು ಬೆಳಿಗ್ಗೆ ಅವರ ಕಾಲೇಜಿನಲ್ಲಿ ನನಗೆ ಕೊಟ್ಟ ಹಾಳೆಯ ಪ್ರಕಾರ ನಾನು ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವನು. ಅದರಲ್ಲಿದ್ದ ದಿನಾಂಕಕ್ಕೂ ವಾರಕ್ಕೂ ಹೊಂದಿಕೆಯಿರಲಿಲ್ಲ. ಪೆನ್ನು ಪಡೆದು ತಿದ್ದಿದೆ.

"ರೋಗಿಯೇ ನಮ್ಮ ಪೇಪರ್ ಕರೆಕ್ಷನ್ ಮಾಡ್ತಾರೆ ಮಾರಾಯ್ತಿ!" ಎಂದು ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಕ್ಕೆ ಎಲ್ಲರೂ ನಕ್ಕರು.

ಅಂದು ಬಸ್ಸಿನ ಅವಸರದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿನ್ನದೆ ಹೊರಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಐದನೆಯ ವಿದ್ಯಾರ್ಥಿನಿ, ಗುರುವಾಯನಕೆರೆಯ ಶ್ವೇತಾ, ಮಂಚದ ಬಳಿ ಬಂದಳು. ಹತ್ತು ನಿಮಿಷಗಳಲ್ಲಿ ಎಲ್ಲ ಕ್ರಮಗಳನ್ನು ಮುಗಿಸದಿದ್ದರೆ ಅವಳು ಅನುತ್ತೀರ್ಣ.

"ಸರ್, ಇವತ್ತು ಯಾವ ವಾರ?"

"ಭಾನುವಾರ" ಎಂದೆನಂತೆ. ನನಗೆ ನೆನಪಿಲ್ಲ.

"ಸರ್ ಭಾರೀ ಲಾಯ್ಕ ಆ್ಯಕ್ಟಿಂಗ್ ಮಾಡ್ತಾರೆ!" ಹಿಂದಿನಿಂದ ಮತ್ತೆ ನಗು.

ಶ್ವೇತಾ ನಗಲಿಲ್ಲ. ನನ್ನ ಅಂಗೈ ಹಿಡಿದು ನೋಡಿದಳು. "ಮೇಡಂ, ಇದು ಆ್ಯಕ್ಟಿಂಗ್ ಅಲ್ಲ. ಕೈ ತಣ್ಣಗುಂಟು, ಬೆವರ್ತಾ ಇದ್ದಾರೆ."

"ಹಾಳೆಯಲ್ಲಿ ಕಾಲುನೋವು ಮಾತ್ರ ಇರುವುದಲ್ವಾ? ನಿನ್ನ ಟೈಮ್ ಹೋಗ್ತಾ ಉಂಟು ನೋಡು," ಎಂದು ಜಯಂತಿ ಎಚ್ಚರಿಸಿದರು.

"ಹೋಗ್ಲಿ ಮೇಡಂ."

ಅವಳು ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದಳು. ಸಕ್ಕರೆ ಅಪಾಯಕಾರಿಯಾಗಿ ಇಳಿದಿತ್ತು. ನಾನು ನುಂಗಬಲ್ಲೆನೆಂದು ಖಚಿತಪಡಿಸಿಕೊಂಡೇ ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ತಡವಾಗಿದ್ದರೆ ಪ್ರಜ್ಞೆ ತಪ್ಪುತ್ತಿತ್ತೆಂದು ಬಳಿಕ ಬಂದ ವೈದ್ಯರು ಹೇಳಿದರು.

ಚೇತರಿಸಿಕೊಂಡ ಮೇಲೆ ಕೇಳಿದೆ: "ನಿನಗೆ ಹೇಗೆ ತಿಳಿಯಿತಮ್ಮಾ?"

"ಬೆಳಿಗ್ಗೆ ನೀವು ಬೆರಳು ಮಡಚಿ ವಾರ ಲೆಕ್ಕ ಹಾಕಿದ್ದು ನೋಡಿದ್ದೆ ಸರ್. ಅಂಥವರು ಇವತ್ತಿನ ವಾರ ತಪ್ಪಿ ಹೇಳಿದ್ರೆ ಏನೋ ಸರಿ ಇಲ್ಲ ಅಂತ ಅನಿಸ್ತು." ಮರುಕ್ಷಣವೇ ಅಧ್ಯಾಪಕಿಯತ್ತ ತಿರುಗಿದಳು. "ಮೇಡಂ, ಹಾಗಾದ್ರೆ ನಾನು ಫೇಲಾ?"

ಜಯಂತಿ ಅರ್ಧವೂ ತುಂಬದ ಅಂಕಪಟ್ಟಿಯ ಮೇಲೆ ಒಂದೇ ಪದ ಬರೆದು ಅವಳ ಕೈಗಿತ್ತರು: ಉತ್ತೀರ್ಣ.

ನಾನೂ ಎದ್ದು ಕೈಮುಗಿದೆ. ನನ್ನ ಮೊಮ್ಮಗಳ ವಯಸ್ಸಿನವಳು ನಾಚಿ ಎರಡು ಹೆಜ್ಜೆ ಹಿಂದೆ ಸರಿದಳು. ಒಂದು ತಪ್ಪು ವಾರದಿಂದಲೇ ಅವಳು ಅಪಾಯ ಗುರುತಿಸಿದ ವಿಸ್ಮಯ ನನ್ನಲ್ಲಿ ಇಂದಿಗೂ ಇಳಿದಿಲ್ಲ.