ಬ್ರೌನಿ ತಿಂದ ಪ್ರಸಾದ

ತುಪ್ಪದಲ್ಲಿ ಒಣದ್ರಾಕ್ಷಿ ಉಬ್ಬುವ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಒಂದು ನಾಯಿ ನೆನಪಾಗುತ್ತದೆ. ಇವತ್ತು ಹೆಂಡತಿ ಸತ್ಯನಾರಾಯಣ ಪೂಜೆಗೆ ಸಜ್ಜಿಗೆ ಮಾಡುತ್ತಿದ್ದಾಗ ಎರಡು ಸಲ ಎದ್ದುಹೋಗಿ ಪಕ್ಕದ ಮನೆಯ ಕಡೆ ನೋಡಿ ಬಂದೆ. ಅಲ್ಲಿ ಈಗ ನಾಯಿಯೇ ಇಲ್ಲ...

ಜಯನಗರದ ಆ ಪಕ್ಕದ ಮನೆಯಲ್ಲಿ ಮೊದಲು ಕಾಂಪೌಂಡರ್ ಇದ್ದರು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ರಸ್ತೆಯವರೆಲ್ಲ ಅವರನ್ನು ಕಾಂಪೌಂಡರ್ ಎಂದೇ ಕರೆಯುತ್ತಿದ್ದೆವು. ಜೊತೆಗಿದ್ದದ್ದು ಬ್ರೌನಿ ಎಂಬ ನಾಯಿ ಮಾತ್ರ. ನನ್ನ ಬಿಪಿ, ಶುಗರ್, ಎಡಗೈ ಜೋಮು ಎಲ್ಲವನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡು, "ನಿಮಗಿಂತ ಹಸು ವಾಸಿ ಸಾರ್, ಅದು ಗೂಗಲ್ ನೋಡಲ್ಲ" ಎನ್ನುತ್ತಿದ್ದರು.

ಅವರಿದ್ದಾಗ ಒಂದು ವರ್ಷ ಪೂಜೆಯ ದಿನ ಹೆಂಡತಿ ನನ್ನ ಕೈಗೆ ದೊನ್ನೆ ತುಂಬ ಸಜ್ಜಿಗೆ ಕೊಟ್ಟಳು. ತಿಂದರೆ ಶುಗರ್ ಏರುವ ಭಯ. ಎಸೆದರೆ ದೇವರ ಭಯ, ಅದಕ್ಕಿಂತ ಹೆಂಡತಿಯ ಭಯ. ಗೋಡೆಯಾಚೆ ಬ್ರೌನಿ ಬಾಲ ಅಲ್ಲಾಡಿಸುತ್ತಿತ್ತು. ದೊನ್ನೆಯನ್ನು ಅದರ ಮುಂದಿಟ್ಟೆ. ಪ್ರಸಾದ ಕಸಕ್ಕೂ ಹೋಗಲಿಲ್ಲ, ನನ್ನ ಹೊಟ್ಟೆಗೂ ಹೋಗಲಿಲ್ಲ ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಮಧ್ಯಾಹ್ನ ಮೂರರ ಹೊತ್ತಿಗೆ ಬ್ರೌನಿ ವಾಂತಿ ಮಾಡಿಕೊಂಡಿತು. ನಮ್ಮ ಪ್ರಸಾದ ರಸ್ತೆಯ ಎಲ್ಲ ಮನೆಗೂ ಹೋಗಿತ್ತು. ನಾಯಿಗೆ ಏನಾದರೂ ಹಾಕಿದಿರಾ ಎಂದು ಕಾಂಪೌಂಡರ್ ಒಂದೊಂದೇ ಮನೆಯಲ್ಲಿ ಕೇಳುತ್ತಾ ಬಂದರು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ನಾನು ಏನೂ ಹಾಕಿಲ್ಲವೆಂದೆ.

ಒಳಗೆ ಹೋಗಿ ಫೋನ್ ನೋಡಿದರೆ, ದ್ರಾಕ್ಷಿ ನಾಯಿಗೆ ವಿಷ, ಕಿಡ್ನಿಯೇ ಹೋಗಬಹುದು ಎಂದಿತ್ತು. ನನ್ನದೇ ಕಿಡ್ನಿ ಹಿಂಡಿದಂತಾಯಿತು. ಇನ್ನೆಲ್ಲೋ ಉಪ್ಪುನೀರು ಕುಡಿಸಿ ಎಂದಿತ್ತು. ಲೋಟದ ತುಂಬ ಕಲಸಿಕೊಂಡು ಓಡಿದೆ.

ಕಾಂಪೌಂಡರ್ ಲೋಟ ನೋಡಿದರು, ನನ್ನ ಮುಖ ನೋಡಿದರು.

"ಉಪ್ಪುನೀರು ಬೇಡ ಸಾರ್, ಅದೇ ಇನ್ನೊಂದು ವಿಷ ಆಗುತ್ತೆ. ಏನು ತಿಂತು, ಎಷ್ಟು, ಎಷ್ಟೊತ್ತಿಗೆ? ಅಷ್ಟು ಹೇಳಿ. ಅದು ಬಾಯಿಬಿಟ್ಟು ಹೇಳಲ್ಲ."

ಹೇಳಿದೆ. ಒಂದು ದೊನ್ನೆ, ಹನ್ನೆರಡೂವರೆಗೆ. ಅವರು ಡಾಕ್ಟರಿಗೆ ಫೋನ್ ಮಾಡಿ ಅದನ್ನೇ ಒಪ್ಪಿಸಿದರು, ನಾಯಿಯನ್ನು ಎತ್ತಿಕೊಂಡು ಆಟೋ ಹತ್ತಿದರು. ಮೂರು ದಿನ ಡ್ರಿಪ್ ಹಾಕಿದರಂತೆ. ಆ ಮೂರು ದಿನ ನಾನು ಅವರ ಗೇಟಿನವರೆಗೆ ಹೋಗಿ ವಾಪಸು ಬಂದದ್ದು ಎಷ್ಟು ಸಲವೋ...

ಬ್ರೌನಿ ಉಳಿಯಿತು. ಅದನ್ನು ನೋಡಲು ಬಂದ ನನ್ನ ಹೆಂಡತಿಗೆ ಕಾಂಪೌಂಡರ್, "ನೀವು ಕಳಿಸಿದ ಪ್ರಸಾದಾನ ನಾನೇ ಮರೆತು ಕೆಳಗಿಟ್ಟಿದ್ದೆ ಮೇಡಂ, ವಯಸ್ಸಾಯ್ತಲ್ಲ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ನಿರಾಳವಾದೆ, ನಾಚಿಕೆಯಾಗುವಷ್ಟು ನಿರಾಳವಾದೆ.

ಆಮೇಲೆ ಅವರ ಮರೆವು ರಸ್ತೆಗೆಲ್ಲ ತಮಾಷೆಯಾಯಿತು. ಅವರೂ ನಗುತ್ತಿದ್ದರು. ಬ್ರೌನಿ ವಯಸ್ಸಾಗಿ ಸತ್ತಿತು. ಅವರು ಮಗಳ ಮನೆಗೆ ಹೋದರು. ಒಮ್ಮೆ ಹೋಗಿ ತಪ್ಪಾಯಿತು ಎನ್ನಬೇಕು, ಈ ಭಾನುವಾರ, ಮುಂದಿನ ಭಾನುವಾರ ಅಂದುಕೊಳ್ಳುತ್ತಲೇ ಇದ್ದೆ...

ಹೋದ ತಿಂಗಳು ರಸ್ತೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಯಾರೋ ಬರೆದರು: ಪಾಪ, ಒಳ್ಳೆಯವರು, ಮರೆವೊಂದೇ ಜಾಸ್ತಿ, ತಮ್ಮ ನಾಯಿಗೇ ದ್ರಾಕ್ಷಿ ತಿನ್ನಿಸಿದ್ದರಲ್ಲ. ನಗುವ ಮುಖಗಳು ಸಾಲಾಗಿ ಬಿದ್ದವು. ನಾನು "ಅದು ಅವರಲ್ಲ" ಎಂದು ಟೈಪ್ ಮಾಡಿದೆ, ಅಳಿಸಿದೆ. ಕೈಮುಗಿದ ಚಿತ್ರ ಕಳಿಸಿ ಫೋನ್ ಬೋರಲು ಹಾಕಿದೆ.

ಅವರಿಗೆ ಎಲ್ಲವೂ ನೆನಪಿತ್ತು. ಅಷ್ಟನ್ನಾದರೂ ಇಲ್ಲಿ ಬರೆದಿದ್ದೇನೆ. ಹೆಂಡತಿ ಇನ್ನೂ ಓದಿಲ್ಲ.